ಫೈಬರ್ 300 ಎಂಬಿಪಿಎಸ್, ಲ್ಯಾನ್ ವೈರ್‌ನಲ್ಲಿ ಮಾತ್ರ 94. ಕೇಬಲ್ ಬದಲಾಯಿಸ್ಬೇಕಾ?

ಕುವೆಂಪುನಗರ_ಮಹಡಿ: ಮೈಸೂರು. ಕೆಳಗಿನ ರೂಟರ್‌ನಿಂದ ಮಹಡಿ ರೂಮಿಗೆ ಪೈಪಿನೊಳಗೆ ಸುಮಾರು 25 ಮೀಟರ್ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆದಿದೆ. ರೂಟರ್ ಪಕ್ಕ ವೈಫೈನಲ್ಲಿ 280 ಬರುತ್ತೆ, ಮೇಲೆ ವೈರ್ ಹಾಕಿದ್ರೆ 94 ದಾಟಲ್ಲ. ರೂಟರ್ ಪೋರ್ಟು, ಪಿಸಿ ಎರಡೂ ಗಿಗಾಬಿಟ್ (1000 ಎಂಬಿಪಿಎಸ್).

ಮಂಡ್ಯ_ಲ್ಯಾನ್: ಈಗ್ಲೇ ಕೇಬಲ್ ಎಳೀಬೇಡಿ ಸಾರ್. 94 ಅಂದ್ರೆ ಲಿಂಕ್ 100ಕ್ಕೆ ಇಳಿದಿದೆ, ಉಳಿದಿದ್ದು ಹೆಡರ್‌ಗಳಿಗೆ (ಡೇಟಾ ಜೊತೆ ಹೋಗೋ ವಿಳಾಸದಂಥ ಮಾಹಿತಿಗೆ) ಹೋಗುತ್ತೆ. 100ಕ್ಕೆ 1, 2, 3, 6ನೇ ಪಿನ್ ಸಾಕು; ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕು ಪಿನ್‌ಗೆ ಬರೋ ನೀಲಿ ಅಥವಾ ಕಂದು ಜೋಡೀಲಿ ಒಂದು ಎಳೆ ಕೈಕೊಟ್ಟಿರೋ ಹಾಗಿದೆ. ಪಿಸಿನ ಕೆಳಗೆ ತಂದು ರೆಡಿಮೇಡ್ ಪ್ಯಾಚ್ ಕಾರ್ಡ್ (ಎರಡೂ ತುದೀಲಿ ಪ್ಲಗ್ ಇರೋ ಚಿಕ್ಕ ಕೇಬಲ್) ಹಾಕಿ, ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಇದ್ರೆ ಗೋಡೆ ಕೇಬಲ್‌ದೇ ತಪ್ಪು. ಆಗ ಕೇಬಲ್ ಟೆಸ್ಟರ್ ಹಾಕಿ, ಒಂದೊಂದು ಎಳೆಗೂ ಒಂದೊಂದು ದೀಪ ಹತ್ಬೇಕು.

ಕುವೆಂಪುನಗರ_ಮಹಡಿ: ಪ್ಯಾಚ್ ಕಾರ್ಡ್‌ನಲ್ಲಿ 1000 ಇದೆ. ಟೆಸ್ಟರ್‌ನಲ್ಲಿ 4ನೇ ದೀಪ ಹತ್ತಲ್ಲ.

ಮಂಡ್ಯ_ಲ್ಯಾನ್: ಹಂಗಾದ್ರೆ 4ನೇ ಪಿನ್ನಿನ ನೀಲಿ ಎಳೆ ಕಣ್ಸಾರ್. ಎರಡೂ ತುದಿಯ ಆರ್‌ಜೆ45 ಪ್ಲಗ್ಗನ್ನ ಬೆಳಕಿಗೆ ಹಿಡಿದು ಮೂತಿ ಕಡೆಯಿಂದ ನೋಡಿ, ಎಂಟು ತಾಮ್ರದ ತುದೀನೂ ಕಾಣ್ಬೇಕು. ನೀಲಿ ಗಿಡ್ಡ ಇರೋ ತುದೀನ ಮೊದ್ಲು ಕತ್ತರಿಸಿ. ಹೊರ ಸಿಪ್ಪೆ 3 ಸೆಂ.ಮೀ. ಬಿಡಿಸಿ, ಎಳೆಗಳನ್ನ ನೆಟ್ಟಗೆ ಮಾಡಿ ಈ ಕ್ರಮದಲ್ಲಿ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಬಣ್ಣದ ಕ್ರಮದ ಸ್ಟ್ಯಾಂಡರ್ಡ್ ಹೆಸರು ಟಿ568ಬಿ. ಇನ್ನೊಂದು ತುದೀಲೂ ಇದೇ ಇರ್ಬೇಕು. ಆಮೇಲೆ 13 ಮಿ.ಮೀ. ಬಿಟ್ಟು ಒಂದೇ ಸಲ ನೇರ ಕತ್ತರಿಸಿ ತೂರಿಸಿ. ಹೊರ ಸಿಪ್ಪೆ ಪ್ಲಗ್ಗಿನ ಹಿಡಿತದೊಳಗೆ ಬರ್ಬೇಕು, ಇಲ್ದಿದ್ರೆ ಎಳೆದಾಗೆಲ್ಲ ಒಳಗಿನ ಎಳೆ ಜಾರುತ್ತೆ.

ಇನ್ನೊಂದು ಮಾತು, ಪ್ಲಗ್ ಕ್ಯಾಟ್-6ದೇ ತಗೊಳ್ಳಿ. ಕ್ಯಾಟ್-5ಇ ಪ್ಲಗ್ಗಿನ ತೂತಿಗೆ ಈ ದಪ್ಪ ಎಳೆ ಸರಿಯಾಗಿ ಹೋಗಲ್ಲ, ಅರ್ಧದಲ್ಲೇ ನಿಲ್ಲುತ್ತೆ.

ಎಂಟೆಳೆ: ಟೆಸ್ಟರ್‌ನಲ್ಲಿ ಎಂಟೂ ಹತ್ತಿತು ಅಂತ ಸುಮ್ಮನಾಗ್ಬೇಡಿ. ಅಗ್ಗದ ಟೆಸ್ಟರ್ ಎಳೆ ಸೇರಿದ್ಯಾ ಅಂತ ಮಾತ್ರ ಹೇಳುತ್ತೆ. ಬಣ್ಣದ ಜೋಡಿಗಳನ್ನ ಅಕ್ಕಪಕ್ಕ ಸಾಲಾಗಿ ಕೂರಿಸಿದ್ರೂ ದೀಪ ಎಲ್ಲ ಹತ್ತುತ್ತೆ, ಆದ್ರೆ 3 ಮತ್ತು 6ನೇ ಪಿನ್‌ಗೆ ಬೇರೆ ಬೇರೆ ಜೋಡಿ ಬಂದು ಸಿಗ್ನಲ್ ಒಂದರೊಳಗೊಂದು ಸೋರುತ್ತೆ. ಕತ್ತರಿಸಿದ ತುಂಡನ್ನ ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ರೆ ಅಲ್ಯೂಮಿನಿಯಂಗೆ ತಾಮ್ರ ಹಚ್ಚಿರೋದು, ಬಗ್ಗಿಸಿದ್ರೆ ಬೇಗ ಮುರಿಯುತ್ತೆ. ಅಂಥದ್ದಾದ್ರೆ ಹೊಸ ಕೇಬಲ್ ಎಳೆಯೋದೇ ವಾಸಿ.

ಕುವೆಂಪುನಗರ_ಮಹಡಿ: ಅಪ್ಪಟ ತಾಮ್ರವೇ. ಮಹಡಿ ಕಡೆ ಪ್ಲಗ್ ಬದಲಾಯಿಸಿದೆ, ಲಿಂಕ್ 1000. ಸ್ಪೀಡ್ 290.

ಮಂಡ್ಯ_ಲ್ಯಾನ್: ಸರಿ. ಕೇಬಲ್‌ನ ಇನ್ನೊಂದರ್ಧ ಅಡಿ ಪೈಪಿನ ಬಾಯಲ್ಲಿ ಸುತ್ತಿಡಿ, ಮುಂದೆ ಮತ್ತೆ ಕತ್ತರಿಸ್ಬೇಕಾದ್ರೆ ಇರ್ಲಿ.