ಗೆದ್ದ ವಿಡಿಯೊ ಗೇಮಿನ ತಂಡವನ್ನೂ ಮುಚ್ಚುವುದಾದರೆ, ನಾವು ಮಾಡಬೇಕಾದ ಕೆಲಸವಾದರೂ ಏನು?

ಭಟ್ಟಿ ಬೀದಿ, ದಾವಣಗೆರೆ:

ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಆರು ವರ್ಷ ಕೆಲಸ ಮಾಡಿ ಕಳೆದ ತಿಂಗಳು ಊರಿಗೆ ಬಂದಿದ್ದೇನೆ. ವಿದೇಶಿ ಕಂಪನಿಗಳ ವಿಡಿಯೊ ಗೇಮ್‌ಗಳಿಗೆ ಬೇಕಾದ ಗೋಡೆ, ಕಲ್ಲುಕಂಬ, ತುಕ್ಕು ಹಿಡಿದ ಪೀಪಾಯಿ ಇಂಥವುಗಳ ತ್ರೀಡಿ ಮಾಡೆಲ್ ಮಾಡುವುದು ನಮ್ಮ ಕೆಲಸ. ಕೊನೆಯ ಪ್ರಾಜೆಕ್ಟಿನಲ್ಲಿ ಒಂದು ಮರದ ಬಾಗಿಲಿಗೆ ಒಂಬತ್ತು ದಿನ ಕೂತಿದ್ದೆ. ದಿನವೂ ಕೈ ಇಟ್ಟು ತಳ್ಳಿದ ಜಾಗದಲ್ಲಿ ಬಣ್ಣ ಹೋಗಿ ಮರ ನುಣುಪಾಗಿರಬೇಕು, ಹೊಸ್ತಿಲ ಮೇಲೆ ಒಂದು ಗೇಣು ಎತ್ತರದವರೆಗೆ ಮಳೆನೀರು ಸಿಡಿದ ಕಲೆ ಇರಬೇಕು. ಕಣ್ಣ ಮುಂದೆ ಇಟ್ಟುಕೊಂಡದ್ದು ಜಗಳೂರು ಕಡೆಯ ನಮ್ಮ ಅಜ್ಜಿಯ ಮನೆಯ ಬಾಗಿಲನ್ನು. ಆ ಆಟ ಹೊರಬರಲೇ ಇಲ್ಲ. ಅದನ್ನು ಮಾಡಿಸುತ್ತಿದ್ದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು, ಕೊಂಡವರು ಪ್ರಾಜೆಕ್ಟ್ ನಿಲ್ಲಿಸಿದರು, ನಮ್ಮಲ್ಲಿ ನಲವತ್ತು ಜನರನ್ನು ಒಂದೇ ಮಧ್ಯಾಹ್ನ ಮನೆಗೆ ಕಳುಹಿಸಿದರು.

ನಮ್ಮ ತಂದೆ ಇಲ್ಲಿಯ ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ವಿಭಾಗದಲ್ಲಿದ್ದವರು. ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮ ಮಿಲ್ಲಿಗೆ ಹತ್ತಿ ಬರುವುದು ನಿಂತಿತ್ತು, ಮುಚ್ಚುತ್ತಾರೆ ಎಂದು ಗೇಟಿನಲ್ಲೇ ಗೊತ್ತಾಗುತ್ತಿತ್ತು. ನಿಮಗೆ ಏನು ನಿಂತಿತ್ತು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಜನ ಆಟ ಆಡುವುದನ್ನು ನಿಲ್ಲಿಸಿಲ್ಲ, ಕೊಳ್ಳುವುದನ್ನೂ ನಿಲ್ಲಿಸಿಲ್ಲ.

ಮೈಕ್ರೊಸಾಫ್ಟ್ 6,870 ಕೋಟಿ ಡಾಲರ್ ಬೆಲೆ ಕಟ್ಟಿ ಆಟಗಳನ್ನು ಮಾಡುವ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯ ಖರೀದಿ ಮುಗಿಸಿದ್ದು 2023ರ ಅಕ್ಟೋಬರ್ 13ರಂದು. ಮೂರೂವರೆ ತಿಂಗಳು ತುಂಬುವ ಮೊದಲೇ, 2024ರ ಜನವರಿ 25ರಂದು, ತನ್ನ ಆಟದ ವಿಭಾಗದಿಂದ 1,900 ಜನರನ್ನು ತೆಗೆಯುವುದಾಗಿ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ಒಡೆತನದ ಜಪಾನಿ ಸ್ಟುಡಿಯೊ ಟ್ಯಾಂಗೊ ಗೇಮ್‌ವರ್ಕ್ಸ್ ಮುಚ್ಚುವ ಸುದ್ದಿ ಬಂತು. ಅವರ ಹೈ-ಫೈ ರಶ್ ಆಟವನ್ನು ಮೂವತ್ತು ಲಕ್ಷ ಜನ ಆಡಿದ್ದರು, ಪ್ರಶಸ್ತಿಗಳೂ ಬಂದಿದ್ದವು. ಸೋತವರನ್ನು ಮನೆಗೆ ಕಳುಹಿಸುವುದು ನನಗೆ ಅರ್ಥವಾಗುತ್ತದೆ. ಗೆದ್ದವರನ್ನು ಏಕೆ ಕಳುಹಿಸಬೇಕು? ಕೊಂಡು ಕೊಂಡು ಗುಡ್ಡೆ ಹಾಕುವ ಈ ಹುಚ್ಚೇ ನಮ್ಮ ಕೆಲಸಗಳನ್ನು ತಿನ್ನುತ್ತಿದೆ ಎಂಬುದು ನನ್ನ ನಂಬಿಕೆ.

ಖಾತೆ ಕಿರ್ದಿ, ವಿದ್ಯಾನಗರ:

ನಿಮಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವನ್ನೂ ಖರೀದಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ. 2020ರಲ್ಲಿ ಜಗತ್ತೇ ಮನೆಯೊಳಗೆ ಕೂತಿತು, ಆಟಗಳ ವ್ಯಾಪಾರ ಏರಿತು. ಅಮೆರಿಕದಲ್ಲಿ ಬಡ್ಡಿ ದರ ಹೆಚ್ಚುಕಡಿಮೆ ಸೊನ್ನೆ ಇತ್ತು, ಸಾಲ ಅಗ್ಗವಾಗಿತ್ತು. ಈ ಏರಿಕೆ ಹೀಗೇ ಇರುತ್ತದೆ ಎಂದುಕೊಂಡು ಎಲ್ಲರೂ ಜನರನ್ನು ತುಂಬಿಕೊಂಡರು. 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿ ಮರುವರ್ಷ ಶೇ 5 ದಾಟಿತು. ಜನ ಮತ್ತೆ ಮನೆಯಿಂದ ಹೊರಗೆ ಬಂದರು. ಫೋರ್ಟ್‌ನೈಟ್ ಮಾಡುವ ಎಪಿಕ್ ಗೇಮ್ಸ್ ಅನ್ನು ಯಾರೂ ಕೊಂಡಿರಲಿಲ್ಲ. ಆದರೂ 2023ರ ಸೆಪ್ಟೆಂಬರ್‌ನಲ್ಲಿ ಸುಮಾರು 830 ಜನರನ್ನು ತೆಗೆಯಿತು, ಗಳಿಸುವುದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದೇವೆ ಎಂದು ಅದರ ಮುಖ್ಯಸ್ಥ ಟಿಮ್ ಸ್ವೀನಿಯವರೇ ಬರೆದರು. ಸೋನಿಯ ಕಾನ್ಕಾರ್ಡ್ ಆಟ 2024ರ ಆಗಸ್ಟ್ 23ಕ್ಕೆ ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆ ಬಂದ್ ಆಯಿತು. ವರ್ಷಗಟ್ಟಲೆ ಮಾಡಿದ ಆಟ ಎರಡು ವಾರ ಬದುಕಿತು. ಅಂಥ ನಷ್ಟವನ್ನು ಯಾರು ಹೊರಬೇಕು?

ಕೊಂಡವರು ಉಳಿಸಿದ ಉದಾಹರಣೆಯೂ ನಮ್ಮ ಬೆಂಗಳೂರಿನಲ್ಲೇ ಇದೆ. ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿತು, ಈ ದೇಶದಲ್ಲಿ ಆಟ ತಯಾರಿಕೆಗೆ ದಾರಿ ಹಾಕಿದ ಕಂಪನಿ. 2016ರಲ್ಲಿ ಸ್ವೀಡನ್ನಿನ ಆಟದ ಕಂಪನಿ ಸ್ಟಾರ್‌ಬ್ರೀಝ್ ಅದರ ಬಹುಪಾಲನ್ನು ಕೊಂಡಿತು. 2018ರ ಡಿಸೆಂಬರ್‌ನಲ್ಲಿ ಆ ಸ್ಟಾರ್‌ಬ್ರೀಝ್ ತಾನೇ ಹಣವಿಲ್ಲದೆ ನ್ಯಾಯಾಲಯದ ಮೊರೆ ಹೋಯಿತು. 2019ರಲ್ಲಿ ಅಮೆರಿಕದ ಆಟದ ಕಂಪನಿ ರಾಕ್‌ಸ್ಟಾರ್ 79 ಲಕ್ಷ ಡಾಲರ್ ಕೊಟ್ಟು ಧ್ರುವವನ್ನು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಳ್ಳದಿದ್ದರೆ ಅಲ್ಲಿದ್ದ ಕಲಾವಿದರ ಗತಿ ಏನಾಗುತ್ತಿತ್ತು?

ಬಗ್ ಹುಡುಕುವವಳು, ಚಿತ್ರದುರ್ಗ:

ಧ್ರುವದ ಕಥೆಯನ್ನು ಇನ್ನೊಮ್ಮೆ ಓದಿ ಸರ್. ಮೊದಲು ಕೊಂಡವರು ಮುಳುಗುತ್ತಿದ್ದಾಗ ಹೊರಗೆ ಇನ್ನೊಬ್ಬರು ಇದ್ದರು, ಅದಕ್ಕೇ ಅದು ಉಳಿಯಿತು. ಟ್ಯಾಂಗೊ ಕೂಡ ಹಾಗೆಯೇ ಉಳಿಯಿತು. 2024ರ ಆಗಸ್ಟ್‌ನಲ್ಲಿ ಕೊರಿಯಾದ ಕ್ರಾಫ್ಟನ್ ಮುಂದೆ ಬಂದು ಆ ತಂಡವನ್ನು ಮತ್ತು ಹೈ-ಫೈ ರಶ್ ಹಕ್ಕನ್ನು ತೆಗೆದುಕೊಂಡಿತು. ಇಲ್ಲಿಯ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಅದೇ ಕ್ರಾಫ್ಟನ್‌ದು. ಒಂದು ಮನೆಯಲ್ಲಿ ಅನ್ನವಿಲ್ಲ ಎಂದರೆ ತಟ್ಟಲು ಇನ್ನೊಂದು ಬಾಗಿಲು ಬೇಕು. ಹತ್ತು ಮನೆಯವರು ಒಂದೇ ಯಜಮಾನನ ಕೈಕೆಳಗೆ ಬಂದ ಮೇಲೆ ಯಾವ ಬಾಗಿಲು ತಟ್ಟುವುದು?

ನಾನು ಟೆಸ್ಟಿಂಗ್‌ನಲ್ಲಿ ಇದ್ದೇನೆ, ಇನ್ನೂ ಕೆಲಸ ಇದೆ. ಒಂದೇ ಮೆಟ್ಟಿಲನ್ನು ಮುನ್ನೂರು ಸಲ ಹತ್ತಿ ಇಳಿದು, ಯಾವ ಹೆಜ್ಜೆಯಲ್ಲಿ ಪಾತ್ರದ ಕಾಲು ಕಲ್ಲಿನೊಳಗೆ ಹೂತುಹೋಗುತ್ತದೆ ಎಂದು ಬರೆದಿಡುವವರು ನಾವು. ಕಡಿತ ಬಂದಾಗ ಮೊದಲು ಹೋಗುವವರೂ ನಾವೇ. ಎಂಬ್ರೇಸರ್ ಕಂಪನಿಯನ್ನು ನೋಡಿ. ಸಾಲುಸಾಲಾಗಿ ಸ್ಟುಡಿಯೊಗಳನ್ನು ಕೊಂಡಿತು. ಸೌದಿಯ ಸ್ಯಾವಿ ಗ್ರೂಪ್‌ನಿಂದ ಬರಬೇಕಿದ್ದ 200 ಕೋಟಿ ಡಾಲರ್ ಒಪ್ಪಂದ 2023ರ ಮೇ ತಿಂಗಳಲ್ಲಿ ಮುರಿದುಬಿತ್ತು. ಆಗಸ್ಟ್ ಕೊನೆಗೆ, ಅದರ ಕೈಕೆಳಗಿದ್ದ, ಮೂವತ್ತು ವರ್ಷ ಹಳೆಯದಾದ ವೊಲಿಷನ್ ಸ್ಟುಡಿಯೊಗೆ ಬೀಗ. ಕೊಂಡವರ ಲೆಕ್ಕ ತಪ್ಪಿತು, ದಂಡ ತೆತ್ತವರು ಮಾರಾಟವಾದವರು.

ಖಾತೆ ಕಿರ್ದಿ, ವಿದ್ಯಾನಗರ:

ವೊಲಿಷನ್‌ನ ಕೊನೆಯ ಸೇಂಟ್ಸ್ ರೋ ಆಟಕ್ಕೆ 2022ರಲ್ಲಿ ಒಳ್ಳೆಯ ಮಾತು ಬರಲಿಲ್ಲ, ಅದನ್ನೂ ಹೇಳಬೇಕು.

ಬಗ್ ಹುಡುಕುವವಳು, ಚಿತ್ರದುರ್ಗ:

ಸರಿ, ಹೇಳುತ್ತೇನೆ. ಹಾಗೆಯೇ ನನ್ನ ವಾದಕ್ಕೆ ಎದುರಾಗುವ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಆಕ್ಟಿವಿಷನ್ ಖರೀದಿಗೆ ಸರ್ಕಾರಗಳ ಒಪ್ಪಿಗೆ ಬೇಕಿದ್ದ ಕಾಲದಲ್ಲೇ, 2022ರ ಜೂನ್‌ನಲ್ಲಿ, ನೌಕರರು ಸಂಘ ಕಟ್ಟಿದರೆ ಅಡ್ಡ ಬರುವುದಿಲ್ಲ ಎಂದು ಮೈಕ್ರೊಸಾಫ್ಟ್ ಅಮೆರಿಕದ ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು. 2023ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಒಡೆತನದ ಝೆನಿಮ್ಯಾಕ್ಸ್‌ನ ಸುಮಾರು 300 ಟೆಸ್ಟರ್‌ಗಳು ಸಂಘ ಕಟ್ಟಿದರು. ನನ್ನಂಥವರ ಹೆಸರು ಆಟದ ಕೊನೆಯಲ್ಲಿ ಬರುವುದೇ ಅಪರೂಪವಾಗಿದ್ದ ಉದ್ಯಮದಲ್ಲಿ ಅದು ಸಣ್ಣ ಸಂಗತಿಯಲ್ಲ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ತೋಟದ ಮನೆ, ಚನ್ನಗಿರಿ:

ನನಗೆ ಆಟಗಳ ಗಂಧ ಗಾಳಿ ಇಲ್ಲ, ಮಗ ತೋರಿಸಿದ ಎಂದು ಓದಿದೆ. ಒಂದು ಪ್ರಶ್ನೆ. ಇಎ ಎಂಬ ಆಟದ ಕಂಪನಿಯನ್ನು 5,500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಿ ಆಯಿತು, ಅದರಲ್ಲಿ 2,000 ಕೋಟಿ ಡಾಲರ್ ಸಾಲ ಎಂದು ಮಗ ಹೇಳಿದ. ಆ ಸಾಲ ತೀರಿಸುವವರು ಯಾರು, ಕೊಂಡವರೋ ಕಂಪನಿಯೋ?

ಖಾತೆ ಕಿರ್ದಿ, ವಿದ್ಯಾನಗರ:

ಇಂಥ ಖರೀದಿಗಳಲ್ಲಿ ಸಾಲ ಬಂದು ಕೂರುವುದು ಕಂಪನಿಯ ಹೆಗಲ ಮೇಲೆಯೇ. ಅದರ ಗಳಿಕೆಯಿಂದಲೇ ಬಡ್ಡಿ ಕಟ್ಟಬೇಕು. ಕೊಳ್ಳಲು ಒಪ್ಪಂದ ಮಾಡಿಕೊಂಡವರು ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ, ಜೊತೆಗೆ ಅಮೆರಿಕದ ಹೂಡಿಕೆ ಕಂಪನಿಗಳಾದ ಸಿಲ್ವರ್ ಲೇಕ್ ಮತ್ತು ಅಫಿನಿಟಿ ಪಾರ್ಟ್‌ನರ್ಸ್.

ತೋಟದ ಮನೆ, ಚನ್ನಗಿರಿ:

ಹಾಗಾದರೆ ಇದು ತೋಟ ಕೊಳ್ಳಲು ಮಾಡಿದ ಸಾಲವನ್ನು ತೋಟದ ಮೇಲೆಯೇ ಬರೆಸಿದಂತಾಯಿತು. ಅಡಿಕೆ ಬೆಲೆ ಬಿದ್ದ ವರ್ಷ ಬಡ್ಡಿ ನಿಲ್ಲುವುದಿಲ್ಲ. ಆಗ ಯಜಮಾನ ಮೊದಲು ಬಿಡಿಸುವುದು ಆಳುಗಳನ್ನು, ಆಮೇಲೆ ಗೊಬ್ಬರ ಹಾಕುವುದನ್ನು ನಿಲ್ಲಿಸುತ್ತಾನೆ. ಎರಡು ವರ್ಷ ಲೆಕ್ಕ ಚೆನ್ನಾಗಿ ಕಾಣುತ್ತದೆ. ಮೂರನೆಯ ವರ್ಷ ಮರ ಹೇಳುತ್ತದೆ.

ಖಾತೆ ಕಿರ್ದಿ, ವಿದ್ಯಾನಗರ:

ಈ ಮಾತನ್ನು ನಾನು ಒಪ್ಪುತ್ತೇನೆ. ಕೊಳ್ಳುವುದು ತಪ್ಪಲ್ಲ ಎಂದೆ. ಸಾಲದಲ್ಲಿ ಕೊಂಡು, ಆ ಸಾಲವನ್ನು ಕೆಲಸಗಾರರ ಸಂಬಳದಿಂದ ಹಿಂಡುವುದು ಬೇರೆಯೇ ವಿಷಯ.

ಲೇತ್ ಮೇಲೆ ಮೂವತ್ತು ವರ್ಷ, ಹರಿಹರ:

ಭಟ್ಟಿ ಬೀದಿಯ ತಮ್ಮನಿಗೆ ಒಂದು ಮಾತು. ಆ ಮಧ್ಯಾಹ್ನ ನಿಮ್ಮಿಂದ ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು? ನಾವು ಸಂಘದಲ್ಲಿದ್ದಾಗ ಮೊದಲು ಕೇಳುತ್ತಿದ್ದದ್ದು ಇದನ್ನೇ.

ಭಟ್ಟಿ ಬೀದಿ, ದಾವಣಗೆರೆ:

ರಾಜೀನಾಮೆಗೆ ಅಣ್ಣ. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಬರೆದಿತ್ತು. ಸಹಿ ಹಾಕದಿದ್ದರೆ ಅನುಭವ ಪತ್ರ ಕೊಡುವುದಿಲ್ಲ ಎಂದರು. ಎಲ್ಲರೂ ಹಾಕಿದರು, ನಾನೂ ಹಾಕಿದೆ.

ಲೇತ್ ಮೇಲೆ ಮೂವತ್ತು ವರ್ಷ, ಹರಿಹರ:

ಅಲ್ಲೇ ಕೈ ಕತ್ತರಿಸಿಕೊಂಡಿರಿ. ಛಾಟಣಿ, ಅಂದರೆ ಕೆಲಸಗಾರರನ್ನು ಕಡಿತ ಮಾಡುವುದು, ಎಂದರೆ ಕಾನೂನಿನಲ್ಲಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ತುಂಬಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದು ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಸಂಹಿತೆ ಇದರ ಮೇಲೆ ಮತ್ತೆ ಹದಿನೈದು ದಿನದ ವೇತನವನ್ನು ಮರುಕೌಶಲ ನಿಧಿಯ ಮೂಲಕ ಕೊಡಿಸುತ್ತದೆ. ರಾಜೀನಾಮೆ ಕೊಟ್ಟವನಿಗೆ ಇವು ಯಾವುವೂ ಇಲ್ಲ, ಅದಕ್ಕೇ ಅವರು ರಾಜೀನಾಮೆ ಬರೆಸಿಕೊಳ್ಳುವುದು. ಮುಚ್ಚುವ ಮೊದಲು ಸರ್ಕಾರದ ಅನುಮತಿ ಬೇಕು ಎಂಬ ನಿಯಮ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಅದೂ ಮೊದಲು 100 ಕಾರ್ಮಿಕರಿದ್ದರೆ ಸಾಕಿತ್ತು, ಈಗ 300 ಇರಬೇಕು. ಕಂಪ್ಯೂಟರ್ ಮುಂದೆ ಕೂತವರು ತಮ್ಮನ್ನು ಕಾರ್ಮಿಕರು ಎಂದುಕೊಳ್ಳುವುದಿಲ್ಲ. ಒಂಬತ್ತು ದಿನ ಕೂತು ಒಂದು ಬಾಗಿಲು ಮಾಡಿದವನು ಕಾರ್ಮಿಕನಲ್ಲದೆ ಇನ್ನೇನು? ಒತ್ತಡ ಹಾಕಿ ಬರೆಸಿಕೊಂಡರು ಎಂದು ತೋರಿಸಲು ಆ ವಾರದ ಇಮೇಲ್, ಮೆಸೇಜುಗಳಿದ್ದರೆ ಅಳಿಸಬೇಡಿ. ನಲವತ್ತು ಜನರೂ ಒಟ್ಟಿಗೆ ಕಾರ್ಮಿಕ ಇಲಾಖೆಗೆ ಹೋಗಿ. ಒಬ್ಬೊಬ್ಬರೇ ಹೋದರೆ ಗುಮಾಸ್ತ ನಾಳೆ ಬಾ ಎನ್ನುತ್ತಾನೆ.

ಕೊನೆಯ ಸೆಮಿಸ್ಟರ್, ದಾವಣಗೆರೆ:

ಅಣ್ಣ, ನಾನು ಇಲ್ಲಿಯೇ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಇದ್ದೇನೆ. ಆಟ ಮಾಡಬೇಕು ಎಂಬುದು ಹೈಸ್ಕೂಲಿನಿಂದ ಇರುವ ಆಸೆ. ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2024ರಿಂದ 2029ರವರೆಗಿನ ನೀತಿ ತಂದಿದೆ ಎಂದು ಕಾಲೇಜಿನಲ್ಲಿ ಹೇಳಿದರು. ಇದನ್ನೆಲ್ಲ ಓದಿ ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರೆ ಎನ್ನುತ್ತಿದ್ದಾರೆ. ನಾನು ಏನು ಮಾಡಲಿ?

ಭಟ್ಟಿ ಬೀದಿ, ದಾವಣಗೆರೆ:

ಬ್ಯಾಂಕ್ ಪರೀಕ್ಷೆಯನ್ನೂ ಬರೆಯಿರಿ ತಮ್ಮ, ಮನೆಯವರು ಕೆಟ್ಟದ್ದು ಹೇಳುತ್ತಿಲ್ಲ. ಆದರೆ ಕೈ ಬಿಡಬೇಡಿ. ತ್ರೀಡಿ ಮಾಡೆಲ್ ಮಾಡುವ ಬ್ಲೆಂಡರ್ ತಂತ್ರಾಂಶ ಉಚಿತ, ಆಟ ಕಟ್ಟುವ ಗೊಡೊ ಕೂಡ ಉಚಿತ, ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತವೆ. ಕೆಲಸಕ್ಕೆ ಸೇರುವುದಾದರೆ ಎರಡು ವಿಷಯ ನೋಡಿ. ಆ ಕಂಪನಿಗೆ ಕೆಲಸ ಕೊಡುವ ಗಿರಾಕಿ ಒಬ್ಬನೇ, ಹಲವರೇ? ನಮ್ಮಲ್ಲಿ ಮುಕ್ಕಾಲು ಕೆಲಸ ಒಬ್ಬನದೇ ಆಗಿತ್ತು, ಅದು ಅಪಾಯ ಎಂದು ನನಗೆ ತೋಚಲೇ ಇಲ್ಲ. ಎರಡನೆಯದು, ಮಾಡಿದ ಕೆಲಸವನ್ನು ತೋರಿಸುವ ಹಕ್ಕು. ಆಟ ಬಿಡುಗಡೆಯಾದರೆ ಮಾತ್ರ ನಮ್ಮ ಮಾಡೆಲ್‌ಗಳನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದು ಎಂದು ಕರಾರಿನಲ್ಲಿತ್ತು. ಆಟ ರದ್ದಾಯಿತು. ಕೊನೆಯ ಎರಡು ವರ್ಷ ನಾನು ಮಾಡಿದ ಯಾವುದನ್ನೂ ಇಂದು ಸಂದರ್ಶನದಲ್ಲಿ ಯಾರಿಗೂ ತೋರಿಸಲಾಗುವುದಿಲ್ಲ. ಸಂಬಳ ಹೋದದ್ದಕ್ಕಿಂತ ಇದು ಹೆಚ್ಚು ಸುಡುತ್ತಿದೆ.

ಹರಿಹರದ ಅಣ್ಣ, ನಲವತ್ತರಲ್ಲಿ ಹನ್ನೊಂದು ಜನ ಫೋನಿಗೆ ಸಿಕ್ಕರು, ಇಮೇಲ್‌ಗಳನ್ನು ಒಟ್ಟು ಮಾಡುತ್ತಿದ್ದೇವೆ.

ತಮ್ಮ, ಬಾಗಿಲನ್ನು ನಾನು ಮೊದಲಿನಿಂದ ಮತ್ತೆ ಮಾಡುತ್ತಿದ್ದೇನೆ, ಈ ಸಲ ನನ್ನ ಕಂಪ್ಯೂಟರಿನಲ್ಲಿ, ನನಗಾಗಿ. ಭಾನುವಾರ ಅಜ್ಜಿಯ ಮನೆಗೆ ಹೋಗಿ ಬೆಳಗಿನ ಓರೆ ಬಿಸಿಲಿನಲ್ಲಿ ಅದರ ಫೋಟೊ ತೆಗೆಯಬೇಕು, ಆಗಲೇ ಸವೆದ ಜಾಗ ಚೆನ್ನಾಗಿ ಕಾಣುವುದು. ಬರುವುದಾದರೆ ಜಗಳೂರಿನ ಮೊದಲ ಬಸ್ಸಿಗೆ ಬನ್ನಿ, ಮಾಡೆಲ್ ಮೇಲೆ ಹೊದಿಸುವ ಟೆಕ್ಸ್ಚರ್‌ಗೆ ಫೋಟೊ ಹೇಗೆ ತೆಗೆಯಬೇಕೆಂದು ಅಲ್ಲೇ ತೋರಿಸುತ್ತೇನೆ.