ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್‌ಗೆ ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ಮೂಡಿಗೆರೆ_ಮಳೆ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಸೇರಿದ್ದೇನೆ. ಮೊದಲ ಸೆಮಿಸ್ಟರ್‌ಗೆ ಪ್ರಾಬಬಿಲಿಟಿ, ಡಿಸ್ಟ್ರಿಬ್ಯೂಷನ್ ಥಿಯರಿ, ಲೀನಿಯರ್ ಆಲ್ಜೀಬ್ರಾ, ಜೊತೆಗೆ ಒಂದು ಪ್ರಾಕ್ಟಿಕಲ್. ಡಿಗ್ರಿಯಲ್ಲಿ ಪ್ರಾಕ್ಟಿಕಲ್ ಅಂದರೆ ಕ್ಯಾಲ್ಕುಲೇಟರ್, ಟೇಬಲ್ ಪುಸ್ತಕ, ರೆಕಾರ್ಡ್ ಬುಕ್ ಅಷ್ಟೇ. ಪ್ರೋಗ್ರಾಮಿಂಗ್‌ನ ಗಂಧಗಾಳಿ ಗೊತ್ತಿಲ್ಲ.

ಸೀನಿಯರ್‌ಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆರ್ ಸಾಕು, ಪೈಥಾನ್ ಇಲ್ಲದೆ ಕೆಲಸ ಸಿಗಲ್ಲ, ಮ್ಯಾಟ್‌ಲ್ಯಾಬ್ ಕಲಿ, ಎಸ್‌ಪಿಎಸ್‌ಎಸ್ ಸುಲಭ. ನನ್ನದು 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್. ರಜೆಗೆ ಊರಿಗೆ ಬಂದರೆ ಮೂಡಿಗೆರೆ ಹತ್ತಿರದ ತೋಟ. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆನ್‌ಲೈನ್ ಕೋರ್ಸ್ ನೋಡು ಅನ್ನುವವರಿಗೆ ಇದನ್ನು ಹೇಗೆ ಹೇಳುವುದು!

ಇನ್ನೊಂದು ಪ್ರಶ್ನೆ. ಅಜ್ಜ ಬರೆದಿಟ್ಟ ಮಳೆ ಪುಸ್ತಕ ಮನೆಯಲ್ಲಿದೆ. ದಿನದಿನದ ಲೆಕ್ಕ, ಇಂಚು–ಸೆಂಟ್‌ನಲ್ಲಿ. ಅಭ್ಯಾಸಕ್ಕೆ ಅದು ಆಗುತ್ತಾ?

ಘಾಟಿ_ರೈಲು:
ಸಕಲೇಶಪುರದವನು, ಈಗ ಬೆಂಗಳೂರಲ್ಲಿ ಡೇಟಾ ಕೆಲಸ. ನನ್ನ ಓಟು ಪೈಥಾನ್‌ಗೆ. ನಮ್ಮ ಟೀಮಿನಲ್ಲಿ ಆರ್ ಮುಟ್ಟುವವರೇ ಇಲ್ಲ. ನೆಟ್ ಇದ್ದಾಗ ಗೂಗಲ್ ಕೋಲ್ಯಾಬ್‌ನಲ್ಲಿ (ಬ್ರೌಸರ್‌ನಲ್ಲೇ ತೆರೆಯುತ್ತದೆ, ಲೆಕ್ಕ ಗೂಗಲ್ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ) ಮಾಡಿದರೆ ನಿಮ್ಮ ಲ್ಯಾಪ್‌ಟಾಪ್ ಮೇಲೆ ಭಾರವೂ ಬೀಳುವುದಿಲ್ಲ.

ಹಾಸನದ_ಲೆಕ್ಕದ_ಟೀಚರ್:
ಘಾಟಿ ಅವರೇ, ಕೆಲಸ ಹುಡುಕುವಾಗ ನಿಮ್ಮ ಮಾತು ಸರಿ. ಈ ಹುಡುಗಿಗೆ ಈಗ ಬೇಕಿರುವುದು ಡಿಸ್ಟ್ರಿಬ್ಯೂಷನ್ ಥಿಯರಿ ಅರ್ಥವಾಗುವುದು. ಅದಕ್ಕೆ ನಾನು ಆರ್ ಅನ್ನುತ್ತೇನೆ. ಅದು ಹುಟ್ಟಿದ್ದೇ ಪಾಠ ಮಾಡುವವರ ಕೈಯಲ್ಲಿ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಶುರು ಮಾಡಿದ್ದು. 1.0 ಬಂದಿದ್ದು 2000ರ ಫೆಬ್ರವರಿ 29ಕ್ಕೆ. ಕಾಸು ಕೊಡಬೇಕಿಲ್ಲ, ಇಳಿಸಿಕೊಳ್ಳುವ ಫೈಲೂ ಚಿಕ್ಕದು. ಹಾಸ್ಟೆಲ್ ವೈಫೈ ಇರುವಾಗಲೇ ಹಾಕಿಕೊಂಡು ಬನ್ನಿ. ಆರ್ ಬರೆಯಲು ಅನುಕೂಲವಾದ ಆರ್‌ಸ್ಟುಡಿಯೋ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಚೆನ್ನಾಗಿದೆ, ಆದರೆ 4 ಜಿಬಿಯಲ್ಲಿ ಬ್ರೌಸರ್ ಜೊತೆ ತೆರೆದರೆ ಏದುಸಿರು ಬಿಡುತ್ತದೆ. ಆರ್‌ನದೇ ಕಿಟಕಿ ಸಾಕು. ಯಾವುದೇ ಫಂಕ್ಷನ್ ಹೆಸರಿನ ಮುಂದೆ ? ಹಾಕಿ, ಸಹಾಯದ ಪುಟ ನೆಟ್ ಇಲ್ಲದೆಯೂ ಬರುತ್ತದೆ.

ಸಾಫ್ಟ್‌ವೇರನ್ನೇ ಒಂದು ಸಬ್ಜೆಕ್ಟ್ ಥರ ಬೇರೆ ಕೂತು ಕಲಿಯಬೇಡಿ. ಕಾಗದದ ಮೇಲೆ ಏನು ಸಾಧಿಸಿದಿರೋ ಅದನ್ನೇ ಸಂಜೆ ಆರ್‌ನಲ್ಲಿ ಪರೀಕ್ಷೆ ಮಾಡಿ. ಉದಾಹರಣೆಗೆ, 0ರಿಂದ 1ರವರೆಗಿನ ಯೂನಿಫಾರ್ಮ್‌ನಿಂದ ಐದು ಸಂಖ್ಯೆ ತೆಗೆದರೆ ಅದರಲ್ಲಿ ದೊಡ್ಡದರ ಸರಾಸರಿ 5/6 ಅಂತ ನೀವು ಕೈಯಲ್ಲಿ ತೆಗೆಯುತ್ತೀರಿ. ಆರ್‌ನಲ್ಲಿ ಒಂದೇ ಸಾಲು: ರೆಪ್ಲಿಕೇಟ್(10000, ಮ್ಯಾಕ್ಸ್(ಆರ್‌ಯೂನಿಫ್(5))). ಅದರ ಮೀನ್ ತೆಗೆಯಿರಿ. 0.83ರ ಆಸುಪಾಸು ಬರಬೇಕು. ಬರಲಿಲ್ಲ ಅಂದರೆ ಒಂದೋ ಇಂಟಿಗ್ರೇಷನ್ ತಪ್ಪು, ಇಲ್ಲ ಟೈಪ್ ಮಾಡಿದ್ದು ತಪ್ಪು. ಎರಡರಲ್ಲಿ ಯಾವುದು ಅಂತ ಹುಡುಕುವುದರಲ್ಲೇ ಎರಡೂ ಬರುತ್ತದೆ. ಮೊದಲು ಸೆಟ್‌ಸೀಡ್ ಕೊಟ್ಟಿರಿ (ಪ್ರತಿ ಸಲವೂ ಅದೇ ರ್‍ಯಾಂಡಮ್ ಸಂಖ್ಯೆಗಳು ಬರುವಂತೆ ಮಾಡುವ ಫಂಕ್ಷನ್), ಇಲ್ಲದಿದ್ದರೆ ರೆಕಾರ್ಡ್‌ನಲ್ಲಿ ಬರೆದ ಉತ್ತರ ಮರುದಿನ ಸಿಗುವುದಿಲ್ಲ.

ಟೇಬಲ್ ಪುಸ್ತಕ ಇನ್ನು ಅಟ್ಟಕ್ಕೆ ಹಾಕಿ. ಪ್ರತಿ ಡಿಸ್ಟ್ರಿಬ್ಯೂಷನ್ ಹೆಸರಿನ ಮುಂದೆ ನಾಲ್ಕು ಅಕ್ಷರ ಬರುತ್ತವೆ: ಡಿ ಡೆನ್ಸಿಟಿಗೆ, ಪಿ ಎಡಗಡೆಯ ಪ್ರಾಬಬಿಲಿಟಿಗೆ, ಕ್ಯೂ ಅದನ್ನು ತಿರುಗಿಸಲು, ಆರ್ ಸ್ಯಾಂಪಲ್‌ಗೆ. ಪಿನಾರ್ಮ್(1.96) ಕೊಟ್ಟರೆ 0.975 ಬರುತ್ತದೆ.

ನನ್ನ ವಿದ್ಯಾರ್ಥಿಗಳು ವರ್ಷವರ್ಷವೂ ಎಡವುವ ಜಾಗಗಳಿವೆ. ಪುಸ್ತಕದಲ್ಲಿ ಎನ್(0, 4) ಅಂದರೆ 4 ವೇರಿಯನ್ಸ್. ಆರ್ ಕೇಳುವುದು ಸ್ಟ್ಯಾಂಡರ್ಡ್ ಡೀವಿಯೇಷನ್, ಅಲ್ಲಿ 2 ಕೊಡಬೇಕು. ಎಕ್ಸ್‌ಪೊನೆನ್ಷಿಯಲ್‌ಗೆ ಆರ್ ಕೇಳುವುದು ರೇಟ್, ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈ ಕೇಳುವುದು ಸ್ಕೇಲ್, ಅಂದರೆ ರೇಟ್‌ನ ತಲೆಕೆಳಗು (1/ರೇಟ್). ಆರ್‌ನ ಎಸ್‌ಡಿ ಎನ್ ಮೈನಸ್ 1ರಿಂದ ಭಾಗಿಸುತ್ತದೆ, ನಮ್‌ಪೈ ಸುಮ್ನೆ ಬಿಟ್ಟರೆ ಎನ್‌ನಿಂದ. ಮ್ಯಾಟ್ರಿಕ್ಸ್ ಗುಣಿಸಲು ಬರೀ * ಹಾಕಿದರೆ ಅದು ಜಾಗಕ್ಕೆ ಜಾಗ ಗುಣಿಸುತ್ತದೆ, ನಿಜವಾದ ಗುಣಾಕಾರಕ್ಕೆ %*% ಬೇಕು. ಎರಡೂ ಚೌಕದ, ಒಂದೇ ಅಳತೆಯ ಮ್ಯಾಟ್ರಿಕ್ಸ್ ಆದರೆ ಎರರ್ ಕೂಡ ಬರುವುದಿಲ್ಲ, ತಪ್ಪು ಉತ್ತರ ಗಂಭೀರವಾಗಿ ಕೂತಿರುತ್ತದೆ.

ಲೈಕ್ಲಿಹುಡ್‌ಗೆ ಬಂದಾಗ ಇನ್ನೊಂದು. ಸ್ಟ್ಯಾಂಡರ್ಡ್ ನಾರ್ಮಲ್‌ನ ಡೆನ್ಸಿಟಿ ಎಲ್ಲೂ 0.4 ದಾಟುವುದಿಲ್ಲ. ಅಂಥ ಸಾವಿರ ಸಂಖ್ಯೆ ಗುಣಿಸಿದರೆ ಕಂಪ್ಯೂಟರ್ ಹಿಡಿಯಲಾರದಷ್ಟು ಚಿಕ್ಕದಾಗಿ ನೇರ 0 ಅನ್ನುತ್ತದೆ. ಕ್ಲಾಸಿನಲ್ಲಿ ಲಾಗ್ ತೆಗೆಯುವುದು ಡಿಫರೆನ್ಷಿಯೇಷನ್ ಸುಲಭವಾಗಲಿ ಅಂತ ಹೇಳುತ್ತಾರೆ, ಯಂತ್ರಕ್ಕಂತೂ ಅದಿಲ್ಲದೆ ಆಗುವುದೇ ಇಲ್ಲ. ಡಿನಾರ್ಮ್‌ನಲ್ಲಿ ಲಾಗ್ = ಟ್ರೂ ಕೊಟ್ಟು ಕೂಡಿಸಿ.

ಮ್ಯಾಟ್‌ಲ್ಯಾಬ್ ಯಾರಾದರೂ ಕಡ್ಡಾಯ ಮಾಡಿದರೆ ಆಕ್ಟೇವ್ ಇದೆ, ಉಚಿತ. ಅಕ್ಷರ ರೂಪದಲ್ಲೇ ಇಂಟಿಗ್ರೇಷನ್ ಬೇಕಾದರೆ ಮ್ಯಾಕ್ಸಿಮಾ, ಅದೂ ಉಚಿತ. ಪರೀಕ್ಷೆಗೆ ಮುಂಚೆ ಜಾಸ್ತಿ ತೆರೆಯಬೇಡಿ, ಹಾಲ್‌ನಲ್ಲಿ ಅದು ಬರುವುದಿಲ್ಲ.

ಮಳೆ ಪುಸ್ತಕ ಮಾತ್ರ ಖಂಡಿತ ತೆಗೆಯಿರಿ. ಅಂಗಡಿಯಲ್ಲಿ ಸಿಗುವ ಡೇಟಾ ಅಲ್ಲ ಅದು.

ಮೂಡಿಗೆರೆ_ಮಳೆ:
ತುಂಬಾ ಥ್ಯಾಂಕ್ಸ್ ಮೇಡಂ. 5/6 ನಿಜವಾಗಿಯೂ ಬಂತು! ಆದರೆ ಮಳೆ ಲೆಕ್ಕ ಎಕ್ಸೆಲ್‌ನಲ್ಲಿ ಹೊಡೆಯಲು ಹೋದರೆ ಅಜ್ಜ ಬರೆದ 1-05 ಅನ್ನುವುದು ತಾರೀಖು ಆಗಿಬಿಡುತ್ತದೆ. ಚುಕ್ಕಿ ಇಟ್ಟು 1.5 ಅಂತ ಹಾಕಲಾ?

ರೊಬಸ್ಟಾ_ರಾಯರು:
ಹಾಕಬೇಡಿ ತಂಗಿ! ಅದು ಒಂದು ಇಂಚು ಐದು ಸೆಂಟ್, ಒಂದೂವರೆ ಇಂಚಲ್ಲ. ನಮ್ಮ ತೋಟದ ಪುಸ್ತಕವೂ ಹಾಗೇ ಇದೆ. ಬೆಳಿಗ್ಗೆ ಅಳೆದು ಬರೆದಿದ್ದರೆ ಅದರಲ್ಲಿ ಹಿಂದಿನ ದಿನದ ಮಳೆಯೂ ಸೇರಿರುತ್ತದೆ. ಹವಾಮಾನ ಇಲಾಖೆ ಲೆಕ್ಕವೂ ಬೆಳಿಗ್ಗೆ 8.30ಕ್ಕೇ ಮುಗಿಯುವುದು. ಅಜ್ಜ ಎಷ್ಟು ಹೊತ್ತಿಗೆ ಅಳೆಯುತ್ತಿದ್ದರು ಅಂತ ಮನೆಯಲ್ಲಿ ಕೇಳಿ. ಖಾಲಿ ಬಿಟ್ಟ ದಿನ ಮಳೆ ಇರಲಿಲ್ಲವೋ, ಅಜ್ಜ ಮದುವೆಗೆ ಹೋಗಿದ್ದರೋ, ಅದನ್ನೂ ಕೇಳಿ.

ಹಾಸನದ_ಲೆಕ್ಕದ_ಟೀಚರ್:
ರಾಯರು ಹೇಳಿದ್ದು ಚಿನ್ನದಂಥ ಮಾತು. ಇಂಚಿಗೊಂದು ಕಾಲಂ, ಸೆಂಟ್‌ಗೊಂದು ಕಾಲಂ ಮಾಡಿ. ಸೆಂಟನ್ನು 100ರಿಂದ ಭಾಗಿಸಿ ಇಂಚಿಗೆ ಕೂಡಿಸಿ, 25.4ರಿಂದ ಗುಣಿಸಿದರೆ ಮಿಲಿಮೀಟರ್. ಮಳೆ ಇಲ್ಲದ ದಿನಕ್ಕೆ 0, ಗೊತ್ತಿಲ್ಲದ ದಿನಕ್ಕೆ ಎನ್ಎ (ಮಾಹಿತಿ ಇಲ್ಲ ಅನ್ನಲು ಆರ್ ಬಳಸುವ ಗುರುತು). ಎರಡನ್ನೂ ಬೆರೆಸಬೇಡಿ.

ಆಮೇಲೆ ಜುಲೈ ತಿಂಗಳುಗಳನ್ನಷ್ಟೇ ತೆಗೆದುಕೊಳ್ಳಿ. ಕಾಫಿ ಹೂ ಅರಳಿಸುವ ಏಪ್ರಿಲ್‌ನ ಹೂಮಳೆಯನ್ನೂ ಮುಂಗಾರನ್ನೂ ಒಂದೇ ಡಿಸ್ಟ್ರಿಬ್ಯೂಷನ್‌ಗೆ ತುರುಕಬಾರದು. ಮಳೆ ಬಂದ ದಿನಗಳಿಗೆ ಮಾತ್ರ ಗ್ಯಾಮಾ ಹಾಕಿ ನೋಡಿ. ಸರಾಸರಿಯ ವರ್ಗವನ್ನು ವೇರಿಯನ್ಸ್‌ನಿಂದ ಭಾಗಿಸಿದರೆ ಶೇಪ್‌ಗೆ ಮೊಮೆಂಟ್ಸ್ ಉತ್ತರ, ಕ್ಯಾಲ್ಕುಲೇಟರಲ್ಲೇ ಆಗುತ್ತದೆ. ಮ್ಯಾಕ್ಸಿಮಮ್ ಲೈಕ್ಲಿಹುಡ್‌ಗೆ ಅಂಥ ಸೂತ್ರ ಇಲ್ಲ, ಗರಿಷ್ಠ ಬೆಲೆಯನ್ನು ಹುಡುಕಿಕೊಡುವ ಆರ್‌ನ ಆಪ್ಟಿಮ್ ಫಂಕ್ಷನ್ ಬೇಕು. ಆ ಮೊಮೆಂಟ್ಸ್ ಉತ್ತರವನ್ನೇ ಅದಕ್ಕೆ ಶುರುವಿನ ಬೆಲೆಯಾಗಿ ಕೊಡಿ. ಇವತ್ತು ಸುರಿದರೆ ನಾಳೆಯೂ ಸುರಿಯುವ ಊರು ನಿಮ್ಮದು, ಹಾಗಾಗಿ ದಿನಗಳು ಇಂಡಿಪೆಂಡೆಂಟ್ ಅಲ್ಲ. ಸ್ಟ್ಯಾಂಡರ್ಡ್ ಎರರ್ ನಂಬುವ ಮುಂಚೆ ಎಸಿಎಫ್ ಗ್ರಾಫ್ ಹಾಕಿ (ಒಂದು ದಿನದ ಮಳೆಗೂ ಮುಂದಿನ ದಿನಗಳ ಮಳೆಗೂ ಎಷ್ಟು ನಂಟಿದೆ ಅಂತ ತೋರಿಸುತ್ತದೆ), ಚಿತ್ರ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.