ಸಹಾಯ ಬೇಕು: ಚಳಿಗೆ ಸೈಕಲ್ ಕಂಪ್ಯೂಟರ್ ದಾರಿ ಮಧ್ಯೆ ಆಫ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಚಳಿಗಾಲದಲ್ಲೂ ಮಿಡ್‌ಟೌನ್ ಗ್ರೀನ್‌ವೇ ಅನ್ನುವ ಸೈಕಲ್ ದಾರಿ ಹಿಡಿದು ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ (ಅಮ್ಮ ಹಾಸನದಿಂದ ಫೋನ್ ಮಾಡಿ ಬೈಯುವುದು ಬೇರೆ ವಿಷಯ). ಮೈನಸ್ 5 ಡಿಗ್ರಿವರೆಗೆ ಏನೂ ತೊಂದರೆ ಇಲ್ಲ. ಮೈನಸ್ 15 ದಾಟಿತೋ, ಮನೆಯಲ್ಲಿ 80% ಚಾರ್ಜ್ ತೋರಿಸಿದ ಜಿಪಿಎಸ್ ಕಂಪ್ಯೂಟರ್ (ಹ್ಯಾಂಡಲ್ ಮೇಲೆ ಸ್ಪೀಡ್, ದೂರ ತೋರಿಸುವ ಪುಟ್ಟ ಮೀಟರ್) ಇಪ್ಪತ್ತೇ ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ, ಆಮೇಲೆ ಆಫೀಸಿನಲ್ಲಿ ಬೆಚ್ಚಗಾದ ಮೇಲೆ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ 70% ತೋರಿಸುತ್ತದೆ!

ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ ವೋಲ್ಟೇಜ್ ಕುಸಿಯುತ್ತದೆ, ಚಾರ್ಜ್ ಎಲ್ಲೂ ಹೋಗಿರುವುದಿಲ್ಲ, ಅಷ್ಟು ಗೊತ್ತು. ಅದಕ್ಕೆ ಪರಿಹಾರ ಏನು? ಪವರ್ ಬ್ಯಾಂಕ್ ಸಿಕ್ಕಿಸೋಣ ಅಂದರೆ, ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಶಾಶ್ವತವಾಗಿ ಹಾಳಾಗಬಹುದು, ಅಲ್ವಾ? ಜೇಬಲ್ಲಿಟ್ಟುಕೊಂಡರೆ ಸರಿಯಾಗಿ ಓಡುತ್ತದೆ, ಆದರೆ ನೋಡಲಿಕ್ಕಾಗದ ಮೀಟರ್ ಸುಮ್ನೆ ಯಾಕೆ.

ಚಕ್ರದ ಸ್ಪೀಡ್ ಸೆನ್ಸರ್‌ದೂ ಇದೇ ಗೋಳು. ಹೋದ ವಾರವಷ್ಟೇ ಹೊಸ ಸಿಆರ್2032 ಸೆಲ್ (ನಾಣ್ಯದಂಥ ಚಪ್ಪಟೆ ಬ್ಯಾಟರಿ) ಹಾಕಿದ್ದೆ, ಆದರೂ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. ಅದನ್ನಂತೂ ಜೇಬಲ್ಲಿಡುವ ಹಾಗಿಲ್ಲ.

ಕೆನಡಾ, ಫಿನ್‌ಲ್ಯಾಂಡ್ ಕಡೆ ಇರುವವರು, ಲಡಾಖ್‌ನಲ್ಲಿ ಸೈಕಲ್ ತುಳಿದವರು ಯಾರಾದರೂ ಇದ್ದರೆ ಹೇಳಿ. ಕಂಪ್ಯೂಟರ್‌ಗೆ ನಿಯೋಪ್ರೀನ್ (ರಬ್ಬರ್‌ನಂಥ ದಪ್ಪ ಬಟ್ಟೆ) ಕವರ್ ಹಾಕಿದರೆ ನಿಜವಾಗಲೂ ಉಪಯೋಗ ಇದೆಯಾ? ಹಿಂಬದಿಗೆ ಹ್ಯಾಂಡ್ ವಾರ್ಮರ್ (ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣ) ಅಂಟಿಸಿ ನೋಡಿದವರಿದ್ದೀರಾ? ಇನ್ನೊಂದು, ಕಂಪ್ಯೂಟರನ್ನು ಕಟ್ಟಡದ ಒಳಗೆ ತಂದ ತಕ್ಷಣ ಅದರ ಗಾಜಿನ ಒಳಗಡೆ ಮಂಜು ಕಟ್ಟುತ್ತಿದೆ. ಸೀಲ್ ಹೋಗಿದೆ ಅಂತ ಅರ್ಥವಾ?